ನಲವತ್ತೊಂಬತ್ತು

ಆಫೀಸಿನ ಕೆಫೆಟೇರಿಯಾದಲ್ಲಿ ಕ್ರಿಕೆಟ್ ಕ್ವಿಜ್ ಶುರುವಾದ್ರೆ ನನ್ನ ಹತ್ತಿರ ಯಾವಾಗಲೂ ಒಂದು ಪ್ರಶ್ನೆ ರೆಡಿ ಇರುತ್ತೆ. ಟೆಸ್ಟ್‌ನಲ್ಲಿ ಹೊಡೆದ ರನ್ನಿಗಿಂತ ತೆಗೆದ ವಿಕೆಟ್ಟೇ ಜಾಸ್ತಿ ಇರೋ ನಮ್ಮ ಕರ್ನಾಟಕದ ಬೌಲರ್ ಯಾರು? ಹುಡುಗರು ಫೋನ್ ತೆಗೆಯೋದ್ರೊಳಗೆ ನಾನೇ ಹೇಳಿಬಿಡ್ತೀನಿ. ಬಿ.ಎಸ್. ಚಂದ್ರಶೇಖರ್. 58 ಟೆಸ್ಟ್, 242 ವಿಕೆಟ್, 167 ರನ್.

ಈ ಪ್ರಶ್ನೆ ನನ್ನದಲ್ಲ, ಶಿಡ್ಲಘಟ್ಟದ ನನ್ನ ಚಿಕ್ಕಪ್ಪನದು.

ಚಿಕ್ಕಪ್ಪ ಒಬ್ಬ ರೀಲರ್ ಹತ್ತಿರ ಲೆಕ್ಕ ಬರೀತಿದ್ರು. ಬೆಳಗಾದ್ರೆ ರೇಷ್ಮೆಗೂಡಿನ ಮಾರ್ಕೆಟ್ಟು. ಯಾವ ಲಾಟು, ಎಷ್ಟು ಕೆಜಿ, ಹರಾಜಿನಲ್ಲಿ ಎಷ್ಟಕ್ಕೆ ನಿಂತಿತು, ಎಲ್ಲ ಅವರ ಪುಸ್ತಕದಲ್ಲಿ. ಭಾನುವಾರ ಬಂತು ಅಂದ್ರೆ ಅದೇ ಪೆನ್ನು, ಬೇರೆ ಪುಸ್ತಕ. ಸುತ್ತಮುತ್ತ ಎಲ್ಲೇ ಮ್ಯಾಚಿದ್ರೂ ಸ್ಕೋರರ್ ಅವರೇ. ನಮ್ಮ ಕಡೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸ್ಕೋರ್ ಬುಕ್ಕಲ್ಲಿ ಮಾತ್ರ ಇಂಗ್ಲಿಷು.

ಅವರಿಗೆ ದೊಡ್ಡ ದೊಡ್ಡ ದಾಖಲೆಗಳ ಮೇಲೆ ಅಷ್ಟು ಮೋಹ ಇರಲಿಲ್ಲ. ಕುಂಬ್ಳೆಯ ಹತ್ತು ವಿಕೆಟ್ ಎಲ್ಲರಿಗೂ ಗೊತ್ತು, ಅದನ್ನೇನು ಕೇಳ್ತೀಯ ಅನ್ನೋರು. ಅವರು ಹೇಳ್ತಿದ್ದದ್ದು ಬೇರೆ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ನಮ್ಮ ಮೈಸೂರು ತಂಡ. 1934ರ ನವೆಂಬರ್ 4, ಮದರಾಸಿನ ಚೆಪಾಕ್. 48ಕ್ಕೆ ಆಲೌಟ್, ಮತ್ತೆ 59ಕ್ಕೆ ಆಲೌಟ್. ಒಂದೇ ದಿನದಲ್ಲಿ ಕಥೆ ಮುಗೀತು. ಇನ್ನೊಂದು, 1981-82ರ ರಣಜಿ ಫೈನಲ್. ದೆಹಲಿಯಲ್ಲಿ ಕರ್ನಾಟಕ 705 ರನ್ ಹೊಡೆದೂ ಸೋತಿತು. ದೆಹಲಿ 8 ವಿಕೆಟ್‌ಗೆ 707. ಅವರ ಹತ್ತನೇ ನಂಬರಿನ ರಾಜೇಶ್ ಪೀಟರ್ ಔಟಾಗದೆ 67. ಮತ್ತೆ ಮೂಲ್ಕಿಯ ಬುಧಿ ಕುಂದರನ್, ವಿಕೆಟ್ ಕೀಪರ್. 1967ರಲ್ಲಿ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಬ್ಯಾಟಿಂಗೂ ಓಪನ್ ಮಾಡಿದ್ರು, ಬೌಲಿಂಗೂ ಓಪನ್ ಮಾಡಿದ್ರು.

"ಇದೆಲ್ಲ ನಿಮಗೆ ಹೆಂಗೆ ಗೊತ್ತು ಚಿಕ್ಕಪ್ಪ?" ಅಂದ್ರೆ ಒಂದೇ ಉತ್ತರ. "ಯಾರೋ ಬರೆದಿಟ್ಟಿದ್ರು ಕಣೋ. ಬರೆದೋರು ಸರಿಯಾಗಿ ಬರೆದಿದ್ರು."

ಈಗ ನನ್ನ ದಾಖಲೆಗೆ ಬರ್ತೀನಿ. ಇದು ನಿಮಗೆ ಗೂಗಲ್‌ನಲ್ಲಿ ಸಿಗಲ್ಲ.

2004, ಚಿಂತಾಮಣಿಯಲ್ಲಿ ಟೂರ್ನಮೆಂಟು. ಮ್ಯಾಟ್ ಹಾಸಿದ ಪಿಚ್, ಲೆದರ್ ಬಾಲ್, 25 ಓವರ್. ನಮ್ಮದು ಶಿಡ್ಲಘಟ್ಟದ ಟೀಮು, ಎದುರಿಗೆ ಗೌರಿಬಿದನೂರಿನವರು. ನನಗೆ ಹದಿನೇಳು. ಅರ್ಧಶತಕ ಹೊಡೆದವರಿಗೆ 500 ರೂಪಾಯಿ ಅಂತ ಮೈಕಲ್ಲಿ ಬೆಳಗಿನಿಂದ ಕೂಗ್ತಾ ಇದ್ರು. ಆ ದುಡ್ಡಲ್ಲಿ ನಂದೇ ಒಂದು ಜೊತೆ ಗ್ಲೌಸ್ ತಗೋಬೇಕು ಅಂತ ನಾನು ಬ್ಯಾಟಿಂಗಿಗೆ ಇಳಿಯೋಕೆ ಮುಂಚೇನೇ ಲೆಕ್ಕ ಹಾಕಿದ್ದೆ.

ಗೆಲ್ಲೋಕೆ ಒಂದು ರನ್ ಬೇಕಿತ್ತು. ನಾನು 49. ಬಾಲ್ ಒಳಗೆ ತಿರುಗಿತು, ಬ್ಯಾಟಿನ ಒಳಅಂಚಿಗೆ ಸಣ್ಣಗೆ ಸವರಿ ಪ್ಯಾಡಿಗೆ ಬಡೀತು. ಓಡಿಬಿಟ್ವಿ. ನಾನು ಬ್ಯಾಟ್ ಮೇಲೆತ್ತಿದೆ. ಹುಡುಗರು ನುಗ್ಗಿ ಬಂದು ಹೆಗಲ ಮೇಲೆ ಹೊತ್ಕೊಂಡ್ರು. ಅಂಪೈರ್ ಮೊಣಕಾಲೆತ್ತಿ ಮುಟ್ಟಿದ್ದನ್ನ ನಾನು ನೋಡಲೇ ಇಲ್ಲ. ಲೆಗ್ ಬೈ.

ಸ್ಕೋರರ್ ಟೇಬಲ್ ಹತ್ತಿರ ಓಡಿದೆ. "ಚಿಕ್ಕಪ್ಪ, ಬ್ಯಾಟಿಗೆ ತಾಗಿತ್ತು. ದೇವರಾಣೆ."

"ಅಂಪೈರ್ ಲೆಗ್ ಬೈ ಕೊಟ್ಟಿದ್ದಾರೆ."

"ಒಂದು ರನ್ ತಾನೇ? ಟೀಮಿನ ಟೋಟಲ್ ಅಷ್ಟೇ ಇರುತ್ತೆ. ಅಲ್ಲಿಂದ ತೆಗೆದು ಇಲ್ಲಿ ಬರೀರಿ. ಯಾರು ನೋಡ್ತಾರೆ?"

ಅವರು ಪೆನ್ನಿನ ಕ್ಯಾಪ್ ಹಾಕಿದ್ರು. "ಹೋಗಿ ನೀರು ಕುಡಿ ಹೋಗು."

ಅಷ್ಟೇ. 49 ನಾಟೌಟ್. ಆಮೇಲೆ ಎಷ್ಟು ಮ್ಯಾಚ್ ಆಡಿದ್ರೂ ನನಗೆ ಐವತ್ತು ಬರಲೇ ಇಲ್ಲ. ಎರಡು ಯುಗಾದಿಗೆ ನಾನು ಅವರ ಮನೆಗೆ ಹೋಗಲಿಲ್ಲ. ಚಿಕ್ಕಮ್ಮ ಒಬ್ಬಟ್ಟು ಕಳಿಸಿದ್ರು, ಅದನ್ನೂ ಮುಟ್ಟಲಿಲ್ಲ. ಆಮೇಲೆ ಇಂಜಿನಿಯರಿಂಗ್, ಬೆಂಗಳೂರು, ಕೆಲಸ. ಮಾತು ಶುರುವಾಯ್ತು, ಆದರೆ ಆ ರನ್ನಿನ ವಿಷಯ ಇಬ್ಬರೂ ಎತ್ತಲಿಲ್ಲ.

ಕೆಲವು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿರೋ ನಮ್ಮ ಟೀಮಿನವನೊಬ್ಬ ಬೇಸ್‌ಬಾಲ್ ಬಗ್ಗೆ ಹೇಳ್ತಿದ್ದ. ಅಲ್ಲಿ ಅಧಿಕೃತ ಸ್ಕೋರರ್ ಅಂತ ಒಬ್ಬರು ಇರ್ತಾರೆ. ಬ್ಯಾಟ್ಸ್‌ಮನ್ ಚೆನ್ನಾಗಿ ಹೊಡೆದು ಬೇಸ್ ಮುಟ್ಟಿದನೋ, ಫೀಲ್ಡರ್ ತಪ್ಪು ಮಾಡಿದ್ದರಿಂದ ಮುಟ್ಟಿದನೋ ಅನ್ನೋದನ್ನ ಅವರೇ ತೀರ್ಮಾನಿಸಬೇಕು. ಮೊದಲನೆಯದಾದ್ರೆ ಹಿಟ್, ಎರಡನೆಯದಾದ್ರೆ ಎರರ್. 1941ರಲ್ಲಿ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದ ದಾಖಲೆ ಇವತ್ತಿಗೂ ಮುರಿದಿಲ್ಲ. ಆದರೆ ಆ 56ರಲ್ಲಿ ಒಂದೆರಡನ್ನ ಸ್ಕೋರರ್ ಎರರ್ ಅಂತ ಬರೆದಿದ್ರೆ ಏನಾಗ್ತಿತ್ತು ಅಂತ ವಾದ ಇನ್ನೂ ನಡೀತಿದೆ.

ಕ್ರಿಕೆಟ್‌ನಲ್ಲಿ ಸ್ಕೋರರ್‌ಗೆ ಆ ಅಧಿಕಾರ ಇಲ್ಲ. ಅಂಪೈರ್ ಕೊಟ್ಟ ಸನ್ನೆಯನ್ನ ಒಪ್ಪಿ ಬರೀಬೇಕು ಅಂತ ನಿಯಮದಲ್ಲೇ ಇದೆ. ಅವತ್ತು ಅದನ್ನ ಕೇಳಿ ನನಗೆ ಹೊಟ್ಟೆ ಉರೀತು. ನಮ್ಮ ಚಿಂತಾಮಣಿಯಲ್ಲಿ ಬೇಸ್‌ಬಾಲ್ ಆದರೂ ಆಡಬಾರದಿತ್ತಾ!

2024ರ ಜನವರಿ 18. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ಅಂದ್ರೆ ಸರ್ ಎಂ.ವಿ. ಹುಟ್ಟಿದ ಊರಲ್ಲಿ, ಒಂದು ಟಿ20 ಪ್ರದರ್ಶನ ಪಂದ್ಯ. ಒಂದು ಕಡೆಗೆ ಸಚಿನ್ ಕ್ಯಾಪ್ಟನ್, ಇನ್ನೊಂದು ಕಡೆಗೆ ಯುವರಾಜ್. ಚಿಕ್ಕಪ್ಪನ ಮನೆಗೆ ಹೋಗಿ ಅವರ ಜೊತೆ ಟೀವಿಯಲ್ಲಿ ನೋಡಿದೆ. ಕೊನೇ ಓವರಿನಲ್ಲಿ ಇರ್ಫಾನ್ ಪಠಾಣ್ ತನ್ನ ಅಣ್ಣ ಯೂಸುಫ್‌ನ ಬಾಲಿಗೇ ಸಿಕ್ಸರ್ ಹೊಡೆದು ಸಚಿನ್ ಟೀಮನ್ನ ಗೆಲ್ಲಿಸಿದ. ನಾನು ಕುಣಿದಾಡಿದೆ. ಚಿಕ್ಕಪ್ಪ ಕೇಳಿದ್ದು ಒಂದೇ. "ಇದು ಯಾವ ರೆಕಾರ್ಡಿಗೂ ಸೇರಲ್ಲ ಅಲ್ವಾ? ಪಾಪ, ಸ್ಕೋರರ್ ಮಾತ್ರ ಎಲ್ಲಾ ಬರೆದಿರ್ತಾನೆ."

ಆಗ ಕೇಳಿಬಿಟ್ಟೆ. "ಚಿಂತಾಮಣಿ ಮ್ಯಾಚಿನ ಬುಕ್ಕು ಇದೆಯಾ?"

ಅವರೇನೂ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ತೆಗೆದುಕೊಂಡು ಬಂದ್ರು. ಪುಟ ಹುಡುಕೋಕೂ ಹೋಗಲಿಲ್ಲ, ಸೀದಾ ಅಲ್ಲಿಗೇ ತೆರೆದ್ರು. ನನ್ನ ಹೆಸರು, 49, ನಾಟೌಟ್. ಎಕ್ಸ್‌ಟ್ರಾಸ್ ಕಾಲಮ್ಮಿನಲ್ಲಿ ಕೊನೇ ಲೆಗ್ ಬೈ. ಅದರ ಪಕ್ಕ, ಮಾರ್ಜಿನ್ನಲ್ಲಿ, ಪೆನ್ಸಿಲ್ಲಿನಲ್ಲಿ, ಇಡೀ ಪುಸ್ತಕದಲ್ಲಿ ಕನ್ನಡದಲ್ಲಿದ್ದ ಒಂದೇ ಸಾಲು:

"ಬ್ಯಾಟಿಗೆ ತಾಗಿತು. ನಾನೂ ನೋಡಿದೆ."

ಇಪ್ಪತ್ತು ವರ್ಷ! "ಅವತ್ತೇ ಒಂದು ಮಾತು ಹೇಳಬಾರದಿತ್ತಾ?" ಅಂದೆ. ಗಂಟಲು ಕಟ್ಟಿತ್ತು.

"ಹೇಳಿದ್ರೆ ನೀನು ಅಂಪೈರ್ ಹತ್ತಿರ ಜಗಳಕ್ಕೆ ಹೋಗ್ತಿದ್ದೆ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಪೆನ್ನಲ್ಲಿ ಬರೆಯೋದು ನನ್ನ ಕೈಲಿರಲಿಲ್ಲ ಕಣೋ" ಅಂದ್ರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನೆನಪಾಗಿದ್ದು ಕ್ರಿಕೆಟ್ ಅಲ್ಲ. ಹಿಂದಿನ ತಿಂಗಳು ಆಫೀಸಿನಲ್ಲಿ ಒಂದು ಸ್ಲೈಡ್ ಮಾಡಿದ್ದೆ. ಟಾರ್ಗೆಟ್ 95 ಪರ್ಸೆಂಟ್, ನಮ್ಮ ಟೀಮಿನದು 94.2. "95 ಅಂತ ಹಾಕ್ಬಿಡು, ರೌಂಡಿಂಗ್ ಅಷ್ಟೇ" ಅಂದ್ರು ಮೇಲಿನವರು. ಹಾಕಿದ್ದೆ. ಯಾರೂ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಅಪ್ರೈಸಲ್ಲಿಗೂ ಅದೇ ಅಂಕಿ ಹೋಯ್ತು. ಹದಿನೇಳನೇ ವಯಸ್ಸಿನಲ್ಲಿ ನಾನು ಚಿಕ್ಕಪ್ಪನಿಗೆ ಏನು ಮಾಡಿ ಅಂದಿದ್ನೋ, ಅದನ್ನ ಮೂವತ್ತಾರಕ್ಕೆ ನಾನೇ ಮಾಡಿ ಮುಗಿಸಿದ್ದೆ. ಅವರ ಹತ್ತಿರ ಕಡೇಪಕ್ಷ ಸತ್ಯ ಪೆನ್ಸಿಲ್ಲಲ್ಲಾದ್ರೂ ಇತ್ತು. ನನ್ನ ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ.

ಮಾರನೇ ಸೋಮವಾರ ಆ ಫೈಲ್ ತೆರೆದು 94.2 ಅಂತ ತಿದ್ದಿದೆ. ಹಿಂದೆ 95 ಅಂತ ಹಾಕಿದ್ದು ಯಾಕೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದು, ಎಲ್ಲರಿಗೂ ಮತ್ತೆ ಕಳಿಸಿದೆ. ಆ ವರ್ಷ ನನ್ನ ರೇಟಿಂಗ್ ಒಂದು ಮೆಟ್ಟಿಲು ಕೆಳಗಿಳೀತು. ಕಾರಣ ಅದೇನಾ, ಬೇರೆನಾ, ನಾನು ಕೇಳೋಕೆ ಹೋಗಲಿಲ್ಲ.

ಈಗ ಕ್ವಿಜ್‌ನಲ್ಲಿ ನನ್ನ ಹತ್ತಿರ ಇನ್ನೊಂದು ಪ್ರಶ್ನೆ ಇದೆ. ಶಿಡ್ಲಘಟ್ಟದ ಪರ ಅತಿ ಹೆಚ್ಚು ಸ್ಕೋರ್ 49 ಮಾಡಿ, ಆದರೂ ಐವತ್ತು ರನ್ ಓಡಿದ ಬ್ಯಾಟ್ಸ್‌ಮನ್ ಯಾರು? ಉತ್ತರ ಗೊತ್ತಿರೋದು ಇಬ್ಬರಿಗೆ. ಒಬ್ಬರ ಹತ್ತಿರ ದಾಖಲೆ ಇದೆ.