ಕಳೆದ ಪುಸ್ತಕದ ಬೆಲೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಪುಸ್ತಕಭಂಡಾರದ ರಿಜಿಸ್ಟರಿನಲ್ಲಿ ಒಬ್ಬ ಬಾಲಿಕೆಯ ಹೆಸರಿನ ಮುಂದೆ ‘ಪುಸ್ತಕ ಕಳೆದಿದೆ, ದಂಡ ಬಾಕಿ’ ಎಂದು ನಾವೇ ಬರೆದೆವು. ಅಂದಿನಿಂದ ಅವಳು ಪುಸ್ತಕಭಂಡಾರದ ಹೊಸ್ತಿಲನ್ನು ತುಳಿಯಲಿಲ್ಲ. ಪುಸ್ತಕವನ್ನು ಕಾಯಹೋಗಿ ಓದುವವಳನ್ನೇ ಕಳೆದುಕೊಂಡೆವೆಂದು ತಡವಾಗಿ ಅರಿತೆವು.

ಬಳಿಕ ನ್ಯೂಯಾರ್ಕ್ ನಗರದ ಸಂಗತಿಯೊಂದನ್ನು ಓದಿದೆವು. ಅಲ್ಲಿಯ ನ್ಯೂಯಾರ್ಕ್, ಬ್ರೂಕ್ಲಿನ್ ಮತ್ತು ಕ್ವೀನ್ಸ್ ಎಂಬ ಮೂರು ಸಾರ್ವಜನಿಕ ಪುಸ್ತಕಭಂಡಾರ ಸಂಸ್ಥೆಗಳು 2021ರ ಅಕ್ಟೋಬರಿನಲ್ಲಿ ಒಡಗೂಡಿ, ತಡವಾದುದಕ್ಕೆ ವಿಧಿಸುತ್ತಿದ್ದ ದಂಡವನ್ನು ತೆಗೆದುಹಾಕಿದವು. ಅದಕ್ಕೆ ಮೊದಲು 15 ಡಾಲರು ಬಾಕಿಯಾದವರಿಗೆ ಪುಸ್ತಕ ದೊರೆಯುತ್ತಿರಲಿಲ್ಲ. ಹಾಗೆ ತಡೆಯಲ್ಪಟ್ಟವರು ಸುಮಾರು 4 ಲಕ್ಷ ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಡ ಕೇರಿಗಳವರು. ಆದರೆ ಕಳೆದ ಪುಸ್ತಕದ ಬೆಲೆಯನ್ನು ಆ ಸಂಸ್ಥೆಗಳು ಬಿಟ್ಟುಕೊಡಲಿಲ್ಲ. ಅವಧಿ ಮೀರಿ ಸುಮಾರು ಒಂದು ತಿಂಗಳಾದ ಮೇಲೆ ಬೆಲೆಯನ್ನು ಕೇಳುವರು. ಪುಸ್ತಕ ಹಿಂದಿರುಗಿದರೆ ಆ ಲೆಕ್ಕವನ್ನು ಅಳಿಸುವರು. ಬೆಲೆಯೇ ಬೇರೆ, ಶಿಕ್ಷೆಯೇ ಬೇರೆ.

ಆದಕಾರಣ ನಾವೂ ಈಗ ದಂಡವನ್ನು ಬಿಟ್ಟು ಬೆಲೆಯನ್ನು ಮಾತ್ರ ಕೇಳುತ್ತೇವೆ. ಪೋಷಕರು ಅದನ್ನು ಕಂತುಗಳಲ್ಲಿ ಸಲ್ಲಿಸಬಹುದು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಕಪಾಟಿನಲ್ಲಿ ನಮ್ಮ ಶಾಲೆಯ ಮುದ್ರೆಯುಳ್ಳ ಪುಸ್ತಕ ಸಿಕ್ಕಿದರೆ ಸಂಕೋಚಪಡದೆ ತನ್ನಿರಿ. ಆ ಬಾಲಿಕೆಯೂ ಇದನ್ನು ಓದುವಂತಾಗಲಿ: ಅವಳ ಹೆಸರಿನ ಮುಂದಿದ್ದ ಸಾಲನ್ನು ನಾವು ಹೊಡೆದುಹಾಕಿದ್ದೇವೆ.