ಹರಕೆ ಆಟದ ಸರದಿ

ಸಂತೋಷ ಹೆಚ್ಚಾದಾಗ ಮನುಷ್ಯ ದುಡ್ಡನ್ನು ಏನು ಮಾಡುತ್ತಾನೆ? ಪೇಡಾ ಹಂಚುತ್ತಾನೆ ಎನ್ನಬೇಡಿ, ಅದು ಧಾರವಾಡದ ಕಡೆಯ ಉತ್ತರ. ನಮ್ಮ ಕರಾವಳಿಯವನು ಯಕ್ಷಗಾನ ಆಡಿಸುತ್ತಾನೆ. ಮಗನಿಗೆ ಕೆಲಸ ಸಿಕ್ಕಿತು, ಮಗಳಿಗೆ ಕಂಕಣ ಕೂಡಿಬಂತು, ಅಜ್ಜನ ಕಾಲದ ಗಡಿತಕರಾರು ಕೋರ್ಟಿನಲ್ಲಿ ತೀರಿತು. ಸರಿ, ಕಟೀಲಿಗೋ ಮಂದಾರ್ತಿಗೋ ಹೋಗಿ ಹರಕೆಯದೊಂದು ಆಟ ಬರೆಸಿ ಬರುವುದು.

ಲೆಕ್ಕ ಬಲ್ಲ ಅಳಿಯಂದಿರು ಇಲ್ಲಿ ಕೆಮ್ಮುತ್ತಾರೆ. ಮೇಳದ ವೀಳ್ಯ, ಚಪ್ಪರ, ಲೈಟು, ಊರಿಗೆಲ್ಲ ಊಟ. ಇಷ್ಟು ಹಣಕ್ಕೆ ದೊಡ್ಡ ಟಿವಿ, ಫ್ರಿಜ್ಜು ಬಂದು ಮೇಲೊಂದು ವಾಷಿಂಗ್ ಮೆಷಿನ್ನೂ ಬರುತ್ತಿರಲಿಲ್ಲವೇ, ಮಾವಾ? ಬರುತ್ತಿತ್ತು. ಮಾವ ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಿರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೀಫ್ ವ್ಯಾನ್ ಬೋವನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಜನರನ್ನು ಕೇಳಿ ನೋಡಿ, ಕೊಂಡ ವಸ್ತುವಿಗಿಂತ ಕಂಡುಂಡದ್ದೇ ಹೆಚ್ಚು ಸುಖ ಕೊಡುತ್ತದೆ ಎಂದು ಬರೆದರು. ಮಾವ ಅದನ್ನು ಓದಿಲ್ಲ. ಓದಿದ್ದರೂ ಬಾಯಲ್ಲಿ ಎಲೆಯಡಿಕೆ ಇರುವಾಗ ಮಾತಾಡುವವರಲ್ಲ.

ದೇವೀಮಹಾತ್ಮೆಯ ಮಹಿಷಾಸುರನನ್ನು ನೀವು ನೋಡಿರಬೇಕು. ಅವನು ಬಣ್ಣ ಹಚ್ಚುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವ ಸಭ್ಯನಲ್ಲ. ಸಭೆಯ ಹಿಂದೆ ಎಲ್ಲೋ ದೂರದಿಂದ, ದೊಂದಿ ಹಿಡಿದವರ ನಡುವೆ, ಚೆಂಡೆಯ ಅಬ್ಬರಕ್ಕೆ ಸರಿಯಾಗಿ ಆರ್ಭಟಿಸುತ್ತ ಜನರನ್ನು ಸೀಳಿಕೊಂಡೇ ಬರಬೇಕು. ತಾಯಿಯ ಮಡಿಲಲ್ಲಿ ನಿದ್ದೆಹೋದ ಮಕ್ಕಳು ಕಿಟಾರನೆ ಕಿರುಚಿ ಎದ್ದು, ಸೆರಗಿನ ಸಂದಿಯಿಂದ ಮತ್ತೆ ಅವನನ್ನೇ ಇಣುಕುತ್ತವೆ. ಫ್ರಿಜ್ಜು ಬಂದ ದಿನ ಹೀಗೆ ಯಾವ ಮಗುವಾದರೂ ಕಿರುಚಿದ್ದುಂಟೇ? ಟಿಕೆಟ್ಟೂ ಇಲ್ಲ ನೋಡಿ. ಬೇಲಿಯ ವಿಷಯಕ್ಕೆ ಮಾತುಬಿಟ್ಟ ನೆರೆಯವನೂ ಬಂದು ಮುಂದಿನ ಸಾಲಿನಲ್ಲಿ ಕೂರಬಹುದು, ಕೂರುತ್ತಾನೆ ಕೂಡ.

ಆದರೆ ಬರೆಸಿದ ಕೂಡಲೇ ಆಟ ಸಿಗುವುದಿಲ್ಲ. ಮೇಳ ಗೆಜ್ಜೆ ಕಟ್ಟುವುದು ಮಳೆಗಾಲ ಕಳೆದ ಮೇಲೆ, ಬಿಚ್ಚುವುದು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ. ಒಂದು ಮೇಳಕ್ಕೆ ರಾತ್ರಿಗೊಂದೇ ಆಟ, ಹರಕೆ ಹೊತ್ತವರೋ ಸಾವಿರಾರು. ಹಾಗಾಗಿ ಸರದಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಕೆಲಸ ಸಿಕ್ಕಿತೆಂದು ಅಪ್ಪ ಬರೆಸಿದ ಆಟ ಬರುವಷ್ಟರಲ್ಲಿ ಹುಡುಗ ಆ ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರಿ, ಮದುವೆಯೂ ಆಗಿ, ತನ್ನ ಮಗುವನ್ನು ಎತ್ತಿಕೊಂಡೇ ಚೌಕಿಪೂಜೆಗೆ ನಿಂತಿರುತ್ತಾನೆ. ಯಾವ ಸಂತೋಷಕ್ಕೆ ಈ ಆಟ ಎಂದು ಕೇಳಿದರೆ ಮನೆಯವರೇ ಒಂದು ಕ್ಷಣ ತಡವರಿಸುತ್ತಾರೆ.

ಇದರಿಂದ ನಷ್ಟವೇನೂ ಇಲ್ಲವಂತೆ. ಅದೇ ಗಿಲೊವಿಚ್, ಅಮಿತ್ ಕುಮಾರ್ ಮತ್ತು ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಜೊತೆ 2014ರಲ್ಲಿ ಇನ್ನೊಂದು ಮಾತು ಸೇರಿಸಿದರು: ವಸ್ತುವಿಗಾಗಿ ಕಾಯುವಾಗ ಚಡಪಡಿಕೆ ಹೆಚ್ಚು, ಅನುಭವಕ್ಕಾಗಿ ಕಾಯುವುದರಲ್ಲಿ ಸುಖ ಹೆಚ್ಚು. ಯಾವ ಪ್ರಸಂಗ, ದೇವಿಯ ವೇಷ ಯಾರದ್ದು, ಪಾಯಸ ಕಡ್ಲೆಬೇಳೆಯದೋ ಹೆಸರುಬೇಳೆಯದೋ ಎಂದು ವರ್ಷಗಟ್ಟಲೆ ಜಗಲಿಯಲ್ಲಿ ಚರ್ಚೆ ನಡೆಯುವುದು ನೋಡಿದರೆ ನಿಜವಿದ್ದೀತು ಅನಿಸುತ್ತದೆ.

ಹಾಗೆಂದು ವಸ್ತುಗಳನ್ನು ತೀರಾ ಕಡೆಗಣಿಸಿದರೆ ಮನೆಯೊಳಗಿನಿಂದ ಆಕ್ಷೇಪ ಬಂದೀತು. ಆಟಕ್ಕೆಂದೇ ತಂದ ಆ ಮೈಸೂರು ಸಿಲ್ಕ್ ಸೀರೆ ಯಾವ ಲೆಕ್ಕಕ್ಕೆ? ಅತ್ತೆಗೆ ಸಂಶಯವೇ ಇಲ್ಲ, ಅದೂ ಹರಕೆಯ ಖರ್ಚೇ. ಅಳಿಯ ಮತ್ತೊಮ್ಮೆ ಕೆಮ್ಮಿದ.