ಬಾಂಬಿಗೆ ಸಿಗದ ದನಿ

1971ರ ಮಾರ್ಚ್ 26. ಹಿಂದಿನ ರಾತ್ರಿ ಪಾಕಿಸ್ತಾನಿ ಸೇನೆ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಢಾಕಾದ ಮೇಲೆ ಮುಗಿಬಿದ್ದಿದೆ. ಬಂಗಾಳಿಗಳ ನಾಯಕ ಷೇಖ್ ಮುಜೀಬರನ್ನು ಹಿಡಿದೊಯ್ದಿದೆ. ಢಾಕಾ ರೇಡಿಯೋ ಸೇನೆಯ ಕೈವಶವಾಗಿ ಮಾರ್ಷಲ್ ಲಾ ಆಜ್ಞೆಗಳನ್ನು ಉಗುಳುತ್ತಿದೆ.

ಚಿತ್ತಗಾಂಗ್ ಬಾನುಲಿಯಲ್ಲಿ ಸ್ಕ್ರಿಪ್ಟ್ ಬರೆಯುತ್ತಿದ್ದ ಬೆಲಾಲ್ ಮೊಹಮ್ಮದ್ ಎದ್ದು ಹೊರಟರು. ಆಗ್ರಾಬಾದ್‌ನ ಸ್ಟುಡಿಯೋ ಬೇಡ, ಬಂದರಿನಲ್ಲಿ ನಿಂತ ನೌಕೆಗಳ ಫಿರಂಗಿಗೆ ಅದು ಸಲೀಸಾಗಿ ಸಿಗುತ್ತದೆ. ಊರಾಚೆ, ಕರ್ಣಫುಲಿ ನದಿಯ ಕಡೆ, ಕಾಲೂರ್‌ಘಾಟ್‌ನಲ್ಲಿ 10 ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರ್ ಇದೆ. ಅಲ್ಲಿಗೇ ನುಗ್ಗಿದರೆ?

ನುಗ್ಗಿದರು. ಸಂಜೆ 7 ಗಂಟೆ 40 ನಿಮಿಷಕ್ಕೆ ಅಬುಲ್ ಕಾಶೆಂ ಸಂದ್ವೀಪರ ದನಿ ಗಾಳಿಗೇರಿತು: ಸ್ವಾಧೀನ ಬಾಂಗ್ಲಾ ವಿಪ್ಲವಿ ಬೇತಾರ್ ಕೇಂದ್ರ. ಸ್ವತಂತ್ರ ಬಾಂಗ್ಲಾದ ಕ್ರಾಂತಿಕಾರಿ ಬಾನುಲಿ! ಹಿಂದೆ ಸೈನ್ಯವಿಲ್ಲ, ಕೈಯಲ್ಲಿ ಬಂದೂಕಿಲ್ಲ.

ಕಾವಲು ಬೇಕು. ಮರುದಿನ ಬೆಲಾಲ್ ಪಟಿಯಾಕ್ಕೆ ಧಾವಿಸಿದರು. ಪಾಕಿಸ್ತಾನಿ ಸೇನೆಯಿಂದ ದಂಗೆಯೆದ್ದು ಬಂದಿದ್ದ ಮೇಜರ್ ಜಿಯಾವುರ್ ರಹಮಾನರನ್ನೂ ಅವರ ಸೈನಿಕರನ್ನೂ ಕರೆತಂದರು. ಅದೇ ಸಂಜೆ ಜಿಯಾ ಮೈಕ್ ಮುಂದೆ ಕೂತು, ಮುಜೀಬರ ಹೆಸರಿನಲ್ಲಿ ಸ್ವಾತಂತ್ರ್ಯ ಘೋಷಣೆ ಓದಿದರು. ಆ ದನಿ ಶತ್ರುವಿನ ಕಿವಿಗೂ ಬಿತ್ತು.

ಮಾರ್ಚ್ 30, ಮಧ್ಯಾಹ್ನ. ಆಕಾಶ ಸೀಳಿಕೊಂಡು ಜೆಟ್‌ಗಳು ಬಂದವು. ಎರಗಿದವು. ಬಾಂಬು ಸುರಿದವು. ಕಾಲೂರ್‌ಘಾಟ್ ಮೂಕವಾಯಿತು.

ಬೆಲಾಲರ ಹತ್ತು ಜನರ ತಂಡ ಬದುಕಿ ಉಳಿಯಿತು. ಓಡಿಹೋಗಬಹುದಿತ್ತು. ಓಡಲಿಲ್ಲ. ಅಲ್ಲಿ 1 ಕಿಲೋವ್ಯಾಟ್‌ನ ಇನ್ನೊಂದು ಚಿಕ್ಕ ಟ್ರಾನ್ಸ್‌ಮಿಟರ್ ಇತ್ತು. ತಂಡದಲ್ಲಿ ಸೈಯದ್ ಅಬ್ದುಸ್ ಶಾಕೇರ್ ಎಂಬ ರೇಡಿಯೋ ಎಂಜಿನಿಯರ್ ಇದ್ದರು. ಆ ಚಿಕ್ಕ ಟ್ರಾನ್ಸ್‌ಮಿಟರನ್ನು ಕಳಚಿದರು! ಒಂದು ತಂತಿ ಅದಲುಬದಲಾದರೆ, ಒಂದು ಭಾಗ ಜಜ್ಜಿಹೋದರೆ ಇಡೀ ಯಂತ್ರ ಬರೀ ಕಬ್ಬಿಣ. ಬಿಚ್ಚಿ, ಕಟ್ಟಿ, ಪಟಿಯಾಕ್ಕೆ ಸಾಗಿಸಿದರು. ಹಿಂದಿನಿಂದ ಸೇನೆ ಊರೂರನ್ನೇ ನುಂಗುತ್ತ ಬರುತ್ತಿತ್ತು.

ಏಪ್ರಿಲ್ 3. ತಂಡ ಗಡಿ ದಾಟಿ ತ್ರಿಪುರಾದ ಬಾಗಾಫಾ ಕಾಡು ಸೇರಿತ್ತು. ನಮ್ಮ ಗಡಿ ಭದ್ರತಾ ಪಡೆ ಕೊಟ್ಟ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಗುಂಯ್‌ಗುಟ್ಟಿತು. ಅದರ ಶಕ್ತಿ 200 ವ್ಯಾಟ್. ಮನೆಯ ನೂರು ವ್ಯಾಟಿನ ಎರಡು ಬಲ್ಬುಗಳಿಗೆ ಸಮ! ಕಾಲೂರ್‌ಘಾಟ್‌ನ ಐವತ್ತರಲ್ಲಿ ಒಂದು ಪಾಲು. ಆದರೂ ಶಾರ್ಟ್‌ವೇವ್ ಅಲೆ ಆಕಾಶಕ್ಕೆ ಚಿಮ್ಮಿ, ಮೇಲಿನ ವಿದ್ಯುತ್ ಪದರಕ್ಕೆ ಬಡಿದು, ದೂರದ ನೆಲಕ್ಕೆ ಬೀಳುತ್ತದೆ. ಕರಕರ ಸದ್ದಿನ ನಡುವೆ ಕ್ಷೀಣವಾಗಿ ಒಂದು ದನಿ ಗಡಿ ದಾಟಿತು. ಸಾಕೆ ಅದು? ಸಾಲದು.

ಮೇ 25. ಕೋಲ್ಕತ್ತಾದ ಬ್ಯಾಲಿಗಂಜ್ ಸರ್ಕ್ಯುಲರ್ ರಸ್ತೆಯ ಒಂದು ಮನೆ. ಈಗ ಕೈಗೆ ಸಿಕ್ಕಿದ್ದು 50 ಕಿಲೋವ್ಯಾಟ್, ಅದೂ ಮೀಡಿಯಂ ವೇವ್. ಯಾವ ಬಡವನ ಟ್ರಾನ್ಸಿಸ್ಟರೂ ಹಿಡಿಯಬಲ್ಲ ಅಲೆ! ಆ ಮನೆಯ ಕೋಣೆಯೇ ಸ್ಟುಡಿಯೋ, ಅಲ್ಲೇ ಊಟ, ಅಲ್ಲೇ ನಿದ್ದೆ.

ಅಲ್ಲಿಂದ ಎಂ.ಆರ್. ಅಖ್ತರ್ ಮುಕುಲ್ 'ಚರಮಪತ್ರ' ಎಂಬ ವ್ಯಂಗ್ಯ ಕಾರ್ಯಕ್ರಮ ಓದತೊಡಗಿದರು. ಢಾಕಾದ ಗಲ್ಲಿಯ ಆಡುಮಾತು. ಪಾಕಿಸ್ತಾನಿ ಸೇನೆಯ ಮಾನ ಹರಾಜು. ಗೆರಿಲ್ಲಾ ಹುಡುಗರಿಗೆ ಮುಕುಲ್ ಇಟ್ಟ ಹೆಸರು 'ಬಿಚ್ಚು', ಚೇಳು. ಇದು ಪ್ರಚಾರವೇ, ಉತ್ಪ್ರೇಕ್ಷೆಯೂ ಇತ್ತು. ಆದರೆ ಬಾಗಿಲು ಮುಚ್ಚಿ, ಸದ್ದು ತಗ್ಗಿಸಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ ಮನೆಮಂದಿಗೆ ಆ ನಗು ಅನ್ನದಷ್ಟೇ ಬೇಕಿತ್ತು ಎಂದು ನಾನು ನಂಬುತ್ತೇನೆ. ಕೇಳುವಾಗ ಸೈನಿಕರ ಕೈಗೆ ಸಿಕ್ಕಿಬಿದ್ದಿದ್ದರೆ?

ಆಗಸ್ಟ್. ಈ ಸಲ ಬಾನುಲಿ ಹೊತ್ತದ್ದು ಗುಪ್ತ ಸಂಕೇತ. ಗದ್ದೆ, ಹೊಳೆ ದಾಟಿ ಬಾಂಗ್ಲಾದ ಗೆರಿಲ್ಲಾ ಸೇನೆ ಮುಕ್ತಿವಾಹಿನಿಯ ಈಜುಗಾರರು ಬಂದರುಗಳ ಬಳಿ ಅಡಗಿದ್ದಾರೆ. ನಾಯಕರ ಕೈಯಲ್ಲಿ ಟ್ರಾನ್ಸಿಸ್ಟರ್. ಕೋಲ್ಕತ್ತಾ ಆಕಾಶವಾಣಿಯಿಂದ ಪಂಕಜ್ ಮಲ್ಲಿಕ್ ಹಾಡು ಬಂತು: ಸಜ್ಜಾಗಿ! ಉಸಿರು ಬಿಗಿಹಿಡಿದರು. ಆಮೇಲೆ ಗೊಂಬೆ ಮೊದಲ ಸಲ ಅತ್ತೆಮನೆಗೆ ಹೊರಡುವ ಹಾಡು: ಹೊಡೆಯಿರಿ!

15ರ ನಡುರಾತ್ರಿ ಕಳೆದಿತ್ತು. ಮೈಗೆ ಬಟ್ಟೆಯಿಂದ ಮೈನ್ ಬಿಗಿದುಕೊಂಡು ಕತ್ತಲ ನೀರಿಗೆ ಇಳಿದರು. ತೇಲಿದರು, ಹಡಗಿನ ತಳಕ್ಕೆ ಮೈನ್ ಅಂಟಿಸಿದರು, ಸದ್ದಿಲ್ಲದೆ ಹಿಂದಿರುಗಿದರು. ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ನಡುಗಿದವು. ಹಾಡು ಕೇಳಿದ ಲಕ್ಷಾಂತರ ಜನರಲ್ಲಿ ಅದರ ಅರ್ಥ ತಿಳಿದವರು ಬೆರಳೆಣಿಕೆಯಷ್ಟು.

ಡಿಸೆಂಬರ್ 6ರಂದು ಭಾರತ ಹೊಸ ದೇಶಕ್ಕೆ ಮಾನ್ಯತೆ ಕೊಟ್ಟಿತು. ಸ್ವಾಧೀನ ಬಾಂಗ್ಲಾ ಬಾನುಲಿ ಕೇಂದ್ರ 'ಬಾಂಗ್ಲಾದೇಶ ಬೇತಾರ್' ಆಯಿತು. 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು. ಅದೇ ದಿನ ಮುಕುಲ್ 'ಚರಮಪತ್ರ'ದ ಕೊನೆಯ ಕಂತು ಓದಿದರು.